ಮರಳಕ್ಕನ ತಮ್ಮ ಗುಡ್ಡ ಕಡಿದ ವರ್ಷ

ಫಿಲ್ಟರ್ ಹೌಸಿನಲ್ಲಿ ಅವಳನ್ನು ಎಲ್ಲರೂ ಮರಳಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಕೂಗುವ ಮೇಸ್ತ್ರಿ ಕೂಡ ಹಾಗೇ ಕೂಗುತ್ತಿದ್ದ. ಅವಳ ನಿಜವಾದ ಹೆಸರೇನು ಎಂದರೆ ಅರೆಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದ.

ಊರಿಗೆಲ್ಲ ಕುಡಿಯುವ ನೀರು ಬರುವುದು ಮೇಲಿನ ದೊಡ್ಡ ಕೆರೆಯಿಂದ. ಕೆರೆಯ ಏರಿಯ ಕೆಳಗೆ ಫಿಲ್ಟರ್ ಹೌಸು. ಅಲ್ಲಿ ಆಟದ ಮೈದಾನದಷ್ಟು ಅಗಲದ ಕಲ್ಲುಕಟ್ಟಿನ ತೊಟ್ಟಿಗಳು, ತಳದಲ್ಲಿ ಸೊಂಟದೆತ್ತರ ಮರಳು. ಕೆರೆಯ ನೀರು ಬಂದು ಮರಳಿನ ಮೇಲೆ ನಿಂತು, ನಿಧಾನಕ್ಕೆ ಒಳಗಿಳಿದು, ಅಡಿಯಿಂದ ತಿಳಿಯಾಗಿ ಹೊರಡುತ್ತದೆ. ಇಳಿಯುವಾಗ ತನ್ನ ಕೊಳೆಯನ್ನೆಲ್ಲ ಮರಳಿನ ಮೇಲೆ ಬಿಟ್ಟು ಹೋಗುತ್ತದೆ. ಆ ಕೊಳೆ ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಾಗ ತೊಟ್ಟಿಯನ್ನು ಬರಿದು ಮಾಡಿ, ಚಪ್ಪಟೆ ಸಲಿಕೆಯಿಂದ ಬೆರಳು ದಪ್ಪ ಮಾತ್ರ ಕೆರೆದು ತೆಗೆಯಬೇಕು. ಹೆಚ್ಚು ಕೆರೆದರೆ ಮರಳು ದಂಡ, ಕಡಿಮೆ ಕೆರೆದರೆ ನೀರು ಇಳಿಯದು. ಕೆರೆದದ್ದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ತೊಳೆದು ರಾಶಿ ಹಾಕಬೇಕು. ಇದು ಮರಳಕ್ಕನ ಕೆಲಸ. ಅದಕ್ಕೂ ಮೊದಲು ಅವಳ ಅಮ್ಮನ ಕೆಲಸ.

ಅಮ್ಮ ತೀರಿಕೊಂಡಾಗ ಅವಳಿನ್ನೂ ಹುಡುಗಿ. ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದವನು. ಅಪ್ಪ ಅದಕ್ಕೆ ಎಷ್ಟೋ ಮೊದಲೇ ಎಲ್ಲಿಗೋ ಹೋದವನು ಹೋದ ಹಾಗೇ ಇದ್ದ. ಅಮ್ಮನ ಸಲಿಕೆ ಅವಳ ಕೈಗೆ ಬಂತು. ತಮ್ಮನನ್ನು ತೊಳೆದ ಮರಳಿನ ರಾಶಿಯ ಪಕ್ಕ ಕೂರಿಸಿ, ಅಲ್ಲಿಂದ ಎದ್ದರೆ ಕಾಲು ಮುರಿಯುತ್ತೇನೆ ಎಂದು ಹೆದರಿಸಿ ಕೆಲಸಕ್ಕಿಳಿಯುತ್ತಿದ್ದಳು. ಅವನು ಕೂತಲ್ಲೇ ಮರಳು ಬಗೆದು ರಸ್ತೆ ಮಾಡುತ್ತಿದ್ದ, ಗುಡ್ಡ ಮಾಡುತ್ತಿದ್ದ, ಗುಡ್ಡ ಕಡಿಯುತ್ತಿದ್ದ. ಅವಳ ಮದುವೆಯ ಮಾತು ಒಂದೆರಡು ಬಾರಿ ಬಂದು ಹೋಯಿತು. ಬಂದವರಿಗೆ ತಮ್ಮ ಬೇಡವಾಗಿದ್ದ. ತಮ್ಮ ಬೇಡ ಎಂದವರು ಅವಳಿಗೆ ಬೇಡವಾದರು. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ನೋಡಿಲ್ಲ.

ತಮ್ಮನಿಗೆ ಓದು ತಲೆಗೆ ಹತ್ತಲಿಲ್ಲ. ರಸ್ತೆಯಲ್ಲಿ ಜೆಸಿಬಿ ಕಂಡರೆ ಊಟ ಬಿಟ್ಟು ಹೋಗಿ ನಿಲ್ಲುವವನು ಕಡೆಗೆ ಒಬ್ಬರು ಗುತ್ತಿಗೆದಾರರ ಹತ್ತಿರ ಗ್ರೀಸ್ ಹಚ್ಚುವ ಕೆಲಸಕ್ಕೆ ಸೇರಿಕೊಂಡ. ಅವನ ಹುಚ್ಚು ನೋಡಿ ಆ ಮನುಷ್ಯರೇ ಡ್ರೈವಿಂಗ್ ಕಲಿಸಿ, ಲೈಸೆನ್ಸ್ ಮಾಡಿಸಿ, ಗಾಡಿ ಕೈಗೆ ಕೊಟ್ಟರು. ಕೆಲಸದಲ್ಲಿ ಅವನದು ಎತ್ತಿದ ಕೈ. ಅಷ್ಟು ದೊಡ್ಡ ಬಕೆಟ್ಟಿನ ಹಲ್ಲಿನಿಂದ, ಬಿದ್ದ ನೀರಿನ ಬಾಟಲಿಯನ್ನು ಒಡೆಯದೆ ಎತ್ತಿ ನೆಟ್ಟಗೆ ನಿಲ್ಲಿಸುತ್ತಿದ್ದ. ಜೊತೆಯವರು ಅವನಿಗೆ ಮಾವುತ ಎಂದು ಹೆಸರಿಟ್ಟರು. ಅವನಿಗೊಂದು ಮದುವೆಯೂ ಆಯಿತು. ಬಂದವಳು ಚುರುಕು, ಮಾತು ಹರಿತ. ಆಸ್ಪತ್ರೆಯವರ ಬಿಳಿ ಕೋಟುಗಳನ್ನು ಮನೆಗೇ ತರಿಸಿ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದಳು. ಮೂವರೂ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ನಲ್ಲಿ ಮೆಟ್ಟಿಲ ಕೆಳಗೆ, ಇಡೀ ಕಟ್ಟಡಕ್ಕೆ ಒಂದೇ. ಕೋಟು ಒಣಗುವ ದಿನ ಮನೆಯೊಳಗೆ ತಲೆ ತಗ್ಗಿಸಿಕೊಂಡೇ ಓಡಾಡಬೇಕು.

ಕೆರೆಯ ಆಚೆ ದಡಕ್ಕೆ ಒಂದು ಗುಡ್ಡ. ಅದರ ತುಂಬ ಮರ, ನಡುವೆ ಒಂದು ಹಳ್ಳ. ಗುಡ್ಡದ ಮೇಲೆ ಬಿದ್ದ ಮಳೆ ತರಗೆಲೆಯಲ್ಲಿ ಇಂಗಿ, ಹಳ್ಳಕ್ಕಿಳಿದು, ಕೆರೆ ಸೇರುತ್ತಿತ್ತು. ಕೆರೆಯ ಕಡೆಗಿನ ಇಳಿಜಾರಿನಲ್ಲಿ ಯಾರೂ ಮನೆ ಕಟ್ಟಬಾರದು ಎಂಬ ಕಟ್ಟಳೆ ಇತ್ತು. ಅದು ಯಾವಾಗ ಸಡಿಲವಾಯಿತೋ ಮರಳಕ್ಕನಂಥವರಿಗೆ ತಿಳಿಯಲಿಲ್ಲ. ಯಾವುದೋ ಸಭೆಯಲ್ಲಿ ಯಾವುದೋ ನಕ್ಷೆಯ ಗೆರೆ ಕೆಳಕ್ಕೆ ಸರಿಯಿತಂತೆ. ಒಂದು ದಿನ ರಸ್ತೆ ಬದಿಯಲ್ಲಿ ದೊಡ್ಡ ಬೋರ್ಡು ಎದ್ದಿತು: ಕೆರೆ ಕಾಣುವ ಮನೆಗಳು. ಲೇಔಟಿನ ಮಾಲೀಕರು ಬೇರೆ ಯಾರೂ ಅಲ್ಲ, ತಮ್ಮನಿಗೆ ಗಾಡಿ ಕೊಟ್ಟ ಆ ಗುತ್ತಿಗೆದಾರರೇ. ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವರು ಇದೊಂದಕ್ಕೆ ಇದ್ದಬದ್ದದ್ದನ್ನೆಲ್ಲ ಸುರಿದಿದ್ದರು. ಗುಡ್ಡ ಕಡಿಯುವ ಕೆಲಸ ಪೂರ್ತಿ ಮಾವುತನದೇ. ಕೂಲಿಯ ಮೇಲೆ ಒಂದು ಮಾತನ್ನೂ ಕೊಟ್ಟರು: ಲೇಔಟ್ ಮುಗಿದ ದಿನ ಮೂಲೆಯ ಸೈಟು ಅವನ ಹೆಸರಿಗೆ.

ಅಂದು ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ತಮ್ಮನ ಹೆಂಡತಿ ಇಸ್ತ್ರಿ ಮೇಜಿನ ಮೇಲೆ ಸೀಮೆಸುಣ್ಣದಿಂದ ಮನೆಯ ನಕ್ಷೆ ಗೀಚಿದಳು. ಇಲ್ಲಿ ಒಗೆಯುವ ಕಲ್ಲು, ಇಲ್ಲಿ ಹಗ್ಗ, ನಮ್ಮದೇ ನಲ್ಲಿ, ಇದು ಅತ್ತಿಗೆಗೆ ಕೋಣೆ. ಮರಳಕ್ಕನಿಗೆ ಜನ್ಮದಲ್ಲಿ ತನ್ನದೆಂಬ ಕೋಣೆ ಇರಲಿಲ್ಲ. ಕಿಟಕಿ ಕೆರೆಯ ಕಡೆಗಿರಲಿ ಎಂದು ಅವಳೇ ಬೆರಳಿಟ್ಟು ತೋರಿಸಿದಳು. ಗುಡ್ಡ ಕಡಿದರೆ ಏನಾದೀತು ಎಂಬ ಯೋಚನೆ ಅಂದು ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ.

ಬೇಸಿಗೆಯಿಡೀ ಗುಡ್ಡದ ಮೇಲೆ ಧೂಳೆದ್ದಿತು. ಮಳೆ ಶುರುವಾದ ವಾರವೇ ಕೆರೆಯ ಆ ಮೂಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಬಣ್ಣ ದಿನದಿನಕ್ಕೆ ಹರಡುತ್ತ ಏರಿಯ ತನಕ ಬಂತು. ಫಿಲ್ಟರ್ ಹೌಸಿನ ಇಂಜಿನಿಯರ್ ಮೇಡಂ ಮೊದಲು ನೀರು ನಿಲ್ಲಿಸುವ ಕೊಳದಲ್ಲಿ ಹೆಚ್ಚಿಗೆ ಪಟಿಕ ಹಾಕಿಸಿ ನೋಡಿದರು. ಸ್ವಲ್ಪ ಕೆಸರು ಕೂತಿತು. ಕೂರದ ನುಣ್ಣನೆಯ ಕೆಸರು ನೇರ ಮರಳಿಗೆ ಬಂತು. ತಿಂಗಳುಗಟ್ಟಲೆ ತಡೆಯುತ್ತಿದ್ದ ತೊಟ್ಟಿಗಳು ವಾರ ತುಂಬುವಷ್ಟರಲ್ಲಿ ಕಟ್ಟಿಕೊಳ್ಳತೊಡಗಿದವು. ಒಂದನ್ನು ಕೆರೆದು ಮುಗಿಸುವ ಮೊದಲೇ ಇನ್ನೊಂದು ಬಾಯಿ ಮುಚ್ಚುತ್ತಿತ್ತು. ಕೆಸರು ಸಲಿಕೆಗೆ ಅಂಟಿದರೆ ಬಿಡದು, ಬೂಟಿಗೆ ಹಿಡಿದರೆ ಕಾಲು ಏಳದು. ಮರಳಕ್ಕ ಮನೆಗೆ ಬಂದು ಕೂತರೆ ಏಳಲು ಗೋಡೆ ಹಿಡಿಯಬೇಕಾಯಿತು.

ನಲ್ಲಿಗಳಲ್ಲಿ ನೀರು ಕಡಿಮೆಯಾಯಿತು, ಬಂದ ನೀರೂ ಮಬ್ಬು. ಜನ ಗೇಟಿನ ಹತ್ತಿರ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದರು. ಮನೆಯಲ್ಲೂ ಅದೇ. ಆಸ್ಪತ್ರೆಯವರು ಕೋಟುಗಳ ಒಂದು ಗಂಟನ್ನು ಹಾಗೇ ವಾಪಸು ಕಳಿಸಿದರು. ಎಲ್ಲವೂ ಹಾಲು ಬಿದ್ದ ಚಹಾದ ಬಣ್ಣ. ತಮ್ಮನ ಹೆಂಡತಿ ಗಂಟು ಬಿಚ್ಚುತ್ತ, ಫಿಲ್ಟರ್ ಹೌಸಿನವರೆಲ್ಲ ಕಾಲು ಚಾಚಿ ಮಲಗಿದ್ದಾರೇನೋ ಎಂದಳು. ಮರಳಕ್ಕ ಅಲ್ಲೇ ಗೋಡೆಗೊರಗಿ ಅಂಗೈಯ ಬೊಕ್ಕೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಟ್ಟನೆ ಅದನ್ನು ಕಂಡು ಹೇಳಿದವಳು ನಾಲಿಗೆ ಕಚ್ಚಿಕೊಂಡಳು. ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಬೂಟಿಗೆ ಹಿಡಿದ ಮಣ್ಣೂ ಅಕ್ಕನ ಬೂಟಿಗೆ ಹಿಡಿದ ಮಣ್ಣೂ ಒಂದೇ ಬಣ್ಣದ್ದು. ಬಾಗಿಲ ಹತ್ತಿರ ಎರಡೂ ಜೋಡಿ ಅಕ್ಕಪಕ್ಕ ಇದ್ದವು. ಮೂವರೂ ನೋಡಿದರು.

ಮುಂದಿನ ರಜೆಯ ದಿನ ಮರಳಕ್ಕ ಗುಡ್ಡಕ್ಕೆ ಹೋದಳು. ತಮ್ಮ ಊಟದ ಡಬ್ಬಿ ಮರೆತು ಹೋಗಿದ್ದ, ಅದೊಂದು ನೆಪ. ಮೇಲೆ ಹೋಗಿ ನೋಡಿದರೆ ಗುಡ್ಡದ ಚರ್ಮ ಸುಲಿದ ಹಾಗಿತ್ತು. ರಸ್ತೆಗೆಂದು ಕಡಿದ ಮಣ್ಣನ್ನು ಇಳಿಜಾರಿಗೆ ಹಾಗೇ ನೂಕಿದ್ದರು; ಮಳೆ ಅದರಲ್ಲಿ ಬೆರಳಾಡಿಸಿದ ಹಾಗೆ ಕೊರೆದುಕೊಂಡು ಹೋಗಿತ್ತು. ಹಳ್ಳ ಎಲ್ಲಿ ಎಂದು ಹುಡುಕಿದಳು, ಸಿಗಲಿಲ್ಲ. ಅದನ್ನು ಸಿಮೆಂಟಿನ ಪೈಪುಗಳೊಳಗೆ ಹಾಕಿ ಮೇಲೆ ಮಣ್ಣು ಮುಚ್ಚಿ ಸಮತಟ್ಟು ಮಾಡಿದ್ದರು. ಕೆರೆಯ ಅಂಚಿನಲ್ಲಿ ಮಾತ್ರ ಒಂದು ಸಾಲು ಮರ ಉಳಿದಿತ್ತು. ಸಮತಟ್ಟಾದ ಜಾಗದ ಕೊನೆಗೆ ಹುಗಿದ ಕಲ್ಲಿನ ಮೇಲೆ ಕೂತು ತಮ್ಮ ಡಬ್ಬಿ ಬಿಚ್ಚಿದ. ನಮ್ಮ ಸೈಟಿನ ಕಲ್ಲು ಇದೇ ಅಕ್ಕ, ಎಂದ. ಅವಳು ಕೂರಲಿಲ್ಲ.

ತಾನು ಹೇಳಬೇಕೆಂದಿದ್ದನ್ನು ಅವಳು ಸುತ್ತಿ ಬಳಸಿ ಹೇಳುವವಳಲ್ಲ. ಕೆಳಗೆ ಏನಾಗುತ್ತಿದೆ ಎಂದು ಹೇಳಿದಳು. ಅವನಿಗೆ ಗೊತ್ತಿತ್ತು. ಮಾಲೀಕರ ಹತ್ತಿರ ಒಮ್ಮೆ ಎತ್ತಿಯೂ ಇದ್ದನಂತೆ. ಒಂದು ಮಳೆಗಾಲ ಕಳೆದರೆ ಮಣ್ಣು ತಾನೇ ಕೂರುತ್ತದೆ ಎಂದಿದ್ದರಂತೆ.

"ನಾನು ಬಿಟ್ರೆ ಏನಾಗುತ್ತೆ ಹೇಳು," ಅಂದ ಅವನು. "ನಾಳೆ ಬೆಳಿಗ್ಗೆ ಇನ್ನೊಬ್ಬ ಬಂದು ಇದೇ ಸೀಟಲ್ಲಿ ಕೂತ್ಕೊಳ್ತಾನೆ."

"ಕೂತ್ಕೊಳ್ಲಿ. ಆ ಇನ್ನೊಬ್ಬನ ಅಕ್ಕ ನಾನಲ್ಲ."

ಅವನು ತುತ್ತನ್ನು ಡಬ್ಬಿಗೇ ಹಾಕಿದ. ಜೀವನವಿಡೀ ಊರಿನ ಕೊಳೆ ಕೆರೆದು ನಿನಗೆ ಸಿಕ್ಕಿದ್ದೇನು, ಒಂದು ಕೋಣೆಯಾದರೂ ಇದೆಯಾ ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಅವಳಿಗೆ ಚುರ್ ಎಂದಿತು. ಖಾಲಿ ಡಬ್ಬಿಗೂ ಕಾಯದೆ ಇಳಿದು ಬಂದಳು.

ಆಮೇಲೆ ಅಕ್ಕ ತಮ್ಮಂದಿರ ನಡುವೆ ಮಾತು ನಿಂತಿತು. ಜಗಳವಾಡಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಇದು ಮುಗಿಯದ ಬಗೆಯದು. ಊಟಕ್ಕೆ ಬಾ ಎಂದು ಅವಳು ಗೋಡೆಗೆ ಹೇಳುತ್ತಿದ್ದಳು, ಸಾಕು ಎಂದು ಅವನು ಪಾತ್ರೆಗೆ ಹೇಳುತ್ತಿದ್ದ. ನಡುವೆ ತಮ್ಮನ ಹೆಂಡತಿ ಇಬ್ಬರ ಮುಖವನ್ನೂ ನೋಡಿ ನೋಡಿ ಬೇಸತ್ತು, ಈ ಮನೆಯಲ್ಲಿ ನಾನೊಬ್ಬಳೇ ಮನುಷ್ಯಳು, ಉಳಿದವೆರಡು ಬಂಡೆಗಳು ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಳು.

ಅಷ್ಟರಲ್ಲಿ ಮರಳಕ್ಕ ತೊಟ್ಟಿಯಲ್ಲಿ ಜಾರಿ ಬಿದ್ದಳು. ಕೆಸರು ತುಂಬಿದ ಗಾಡಿಯನ್ನು ಹಲಗೆಯ ಮೇಲೆ ತಳ್ಳುವಾಗ ಕಾಲು ಸರಿಯಿತು. ಗಾಡಿ ಒಂದು ಕಡೆ, ಅವಳು ಒಂದು ಕಡೆ. ಸೊಂಟ ಹಿಡಿದುಕೊಂಡಿತು. ಮೇಡಂ ಅವಳನ್ನು ತಮ್ಮ ಕೋಣೆಯ ಬೆಂಚಿನ ಮೇಲೆ ಮಲಗಿಸಿ ಡಾಕ್ಟರನ್ನು ಕರೆಸಿ, ತಮ್ಮನಿಗೂ ಫೋನು ಮಾಡಿದರು. ಅವನು ಕೆಲಸ ಅಲ್ಲಿಗೇ ಬಿಟ್ಟು ಓಡಿ ಬಂದ. ದೊಡ್ಡವನಾದ ಮೇಲೆ ಅವನು ಆ ಗೇಟಿನೊಳಗೆ ಕಾಲಿಟ್ಟದ್ದು ಅಂದೇ.

ಡಾಕ್ಟರು ಸೂಜಿ ಚುಚ್ಚಿ, ಸಂಜೆಯವರೆಗೆ ಅಲ್ಲಾಡಿಸಬೇಡಿ ಎಂದಿದ್ದರು. ಅಕ್ಕನ ಪಕ್ಕ ಕೂರಲು ಹೋದವನು ಕೂರಲಾರದೆ ಹೊರಗೆ ಹೋಗಿ ನಿಂತ. ಕಿಟಕಿಯಿಂದ ಮರಳಕ್ಕನಿಗೆ ಅವನು ಕಾಣುತ್ತಿದ್ದ. ಕೆರೆದು ಹಾಕಿದ ಕೆಸರಿನ ರಾಶಿಯ ಮುಂದೆ ಅವನು ಬಗ್ಗಿದ. ಒಂದು ಹಿಡಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿದ. ಇನ್ನೊಂದು ಕಡೆಯಿಂದ ಇನ್ನೊಂದು ಹಿಡಿ. ಕೆಂಪು ಮೇಲಿನ ರಸ್ತೆಯದು, ಬೂದಿ ಬಣ್ಣದ ಜೇಡಿ ಹಳ್ಳ ಮುಚ್ಚುವಾಗ ತೋಡಿದ್ದು. ಎರಡೂ ಅವನ ಬಕೆಟ್ಟಿನಿಂದಲೇ ಹೋದವು. ಪ್ಯಾಂಟು ಮೇಲಕ್ಕೆ ಮಡಚಿ, ಅಕ್ಕನ ಸಲಿಕೆ ಹುಡುಕಿ ತೊಟ್ಟಿಗಿಳಿದ. ಮೇಸ್ತ್ರಿ ಬೇಡ ಎನ್ನಲು ಹೋದವನು ಅವನ ಮುಖ ನೋಡಿ ಪಕ್ಕಕ್ಕೆ ಸರಿದ. ಮೊದಮೊದಲು ಅವನು ಮರಳನ್ನು ಗುಡ್ಡ ಬಗೆದ ಹಾಗೆ ಬಗೆದ. ಪಕ್ಕದ ಹೆಂಗಸರು ನಕ್ಕು, ಅಷ್ಟು ಆಳ ಹೋದರೆ ಪಾತಾಳ ಸಿಗುತ್ತದಪ್ಪ ಎಂದು ಸಲಿಕೆ ಹಿಡಿಯುವುದನ್ನು ತೋರಿಸಿಕೊಟ್ಟರು. ಸಂಜೆ ಅಕ್ಕನನ್ನು ಆಟೋದಲ್ಲಿ ಕೂರಿಸುವಾಗ ಅವನ ಅಂಗೈಯೂ ಸುಲಿದಿತ್ತು. ಆಟೋ ಹೊರಟ ಮೇಲೆ, ತುಂಬಾ ನೋಯ್ತಿದೆಯಾ ಎಂದು ಕೇಳಿದ. ಈಗ ಕಡಿಮೆ ಎಂದಳು. ನಿಂತಿದ್ದ ಮಾತು ಹೀಗೆ ಮತ್ತೆ ಶುರುವಾಯಿತು.

ಅದೇ ವಾರ ಮಾಲೀಕರು ಕೆರೆಯಂಚಿನ ಮರದ ಸಾಲನ್ನೂ ತೆಗೆ ಎಂದರು. ಕೊಂಡವರಿಗೆ ಸೈಟಿನಿಂದ ಕೆರೆ ಕಾಣುತ್ತಿಲ್ಲವಂತೆ. ಆ ಸಾಲು ಉಳಿಸುತ್ತೇವೆಂದು ಬರೆದುಕೊಟ್ಟೇ ಅನುಮತಿ ತಂದಿದ್ದರು; ಅದು ಮಾವುತನಿಗೂ ಗೊತ್ತು. ಬರುವ ಮಣ್ಣನ್ನು ಅಷ್ಟಿಷ್ಟು ತಡೆಯುತ್ತಿದ್ದುದೂ ಅದೊಂದೇ. ಅವನು ಗಾಡಿಯಿಂದ ಇಳಿದು, ಬೀಗದಕೈಯನ್ನು ಮಾಲೀಕರ ಕೈಗೇ ಕೊಟ್ಟ. ಅವರು ಕೂಗಾಡಲಿಲ್ಲ. ನಿನ್ನನ್ನು ಮಗನ ಹಾಗೆ ನೋಡಿಕೊಂಡೆ, ನನ್ನ ಕುತ್ತಿಗೆಗೆ ಬಂದಿರುವಾಗ ಹೀಗೆ ಮಾಡ್ತೀಯಾ ಎಂದಷ್ಟೇ ಕೇಳಿದರು. ಮನೆಗೆ ಬಂದು ಹೇಳುವಾಗ ಅವನ ಕಣ್ಣು ತುಂಬಿತ್ತು.

ಅವನೇ ಹೇಳಿದ ಹಾಗೆ ಮರುದಿನ ಬೆಳಿಗ್ಗೆ ಇನ್ನೊಬ್ಬ ಬಂದು ಅದೇ ಸೀಟಿನಲ್ಲಿ ಕೂತ. ಅರ್ಧ ಸಾಲು ಉರುಳಿತು. ಫಿಲ್ಟರ್ ಹೌಸಿಗೆ ಇನ್ನಷ್ಟು ಕೆಸರು ಬಂತು. ಸೈಟು ಹೋಯಿತು, ಕೂಲಿ ಹೋಯಿತು. ತಮ್ಮನ ಹೆಂಡತಿ ಗಂಡನಿಗೆ ಏನೂ ಅನ್ನಲಿಲ್ಲ. ಹಾಸಿಗೆಯಲ್ಲಿದ್ದ ಮರಳಕ್ಕನಿಗೆ ಊಟ ತಂದಿಟ್ಟು, "ನಿಮ್ಮ ನೀರು ಚೆನ್ನಾಗಿರ್ಲಿ, ಅತ್ತಿಗೆ," ಎಂದು ಹೇಳಿ ಹೋದಳು. ಎಷ್ಟೋ ಜನ ಗೇಟಿನಲ್ಲಿ ನಿಂತು ಬೈದಿದ್ದು ತಾಗದವಳಿಗೆ ಈ ಮೆತ್ತಗಿನ ಮಾತು ತಾಗಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹುಡುಗಿ ಸೀಮೆಸುಣ್ಣದಲ್ಲಿ ಬರೆದ ಮನೆಯನ್ನು ತಾನೇ ಒರೆಸಿ ಹಾಕಿದೆನಲ್ಲ ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮೇಡಂ ಸುಮ್ಮನೆ ಕೂತಿರಲಿಲ್ಲ. ಮಳೆ ಶುರುವಾದಾಗಿನಿಂದ ನೀರಿನ ಪರೀಕ್ಷೆಯ ವಿವರಗಳನ್ನು ಮೇಲಿನವರಿಗೆ ಕಳಿಸುತ್ತಲೇ ಇದ್ದರು. ಕೆಸರು ಹೆಚ್ಚಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ; ಎಲ್ಲಿಂದ ಬಂತು ಎಂಬುದರ ಮೇಲೇ ಎಳೆದಾಟ. ಊರಿನ ನಲ್ಲಿಗಳು ಒಣಗಿ ಗಲಾಟೆ ಜೋರಾದ ಮೇಲೆ ಕಡೆಗೊಮ್ಮೆ ನಗರಸಭೆಯ ಸಭಾಂಗಣದಲ್ಲಿ ವಿಚಾರಣೆ ಇಟ್ಟರು, ಯಾರು ಬೇಕಾದರೂ ಬಂದು ಹೇಳಬಹುದು ಎಂದರು. ಬರುತ್ತೀಯಾ ಎಂದು ಮೇಡಂ ಮಾವುತನನ್ನು ಕೇಳಿದರು. ಅವನು ಅಕ್ಕನ ಮುಖ ನೋಡಿದ. ಅವಳು ಈ ಸಲ ಏನನ್ನೂ ಹೇಳಲಿಲ್ಲ. ಹೇಳಿ ಕಳೆದದ್ದು ಸಾಕಾಗಿತ್ತು. ಅವನೇ, ಬರ್ತೀನಿ ಮೇಡಂ ಎಂದ.

ಸಭಾಂಗಣ ಕಿಕ್ಕಿರಿದಿತ್ತು. ಮರಳಕ್ಕ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ಮಾಲೀಕರ ವಕೀಲರು ನಕ್ಷೆ ತೆರೆದು, ಆ ಗುಡ್ಡದಲ್ಲಿ ಹಳ್ಳವೇ ಇಲ್ಲ, ಇದ್ದದ್ದು ಮಳೆ ಬಂದಾಗ ನೀರು ಹರಿಯುವ ಒಂದು ಕೊರಕಲು ಅಷ್ಟೇ ಎಂದು ವಿವರಿಸಿದರು. ಹಳ್ಳವೇ ಇಲ್ಲದ ಮೇಲೆ, ಕಾನೂನಿನ ಪ್ರಕಾರ ಅದರ ಅಂಚಿನಲ್ಲಿ ಜಾಗ ಬಿಡುವ ಮಾತೆಲ್ಲಿ ಬಂತು ಎಂದು ಕೇಳಿದರು. ಮಾವುತ ಎದ್ದು ನಿಂತ. ಅಷ್ಟು ಜನರ ಮುಂದೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

"ಹಳ್ಳ ಇದೆ ಸಾರ್. ಬೇಸಿಗೆಯಲ್ಲೂ ನೀರಿತ್ತು. ಪೈಪಿನೊಳಗೆ ಹಾಕಿ ಮುಚ್ಚಿದವನು ನಾನೇ. ಎಲ್ಲಿ ಅಂತ ತೋರಿಸ್ತೀನಿ, ಬನ್ನಿ."

ವಕೀಲರು ನಕ್ಕರು. ಕೆಲಸ ಬಿಟ್ಟವನ ಹೊಟ್ಟೆಕಿಚ್ಚಿನ ಮಾತು ಇದು, ಸೈಟು ಸಿಗಲಿಲ್ಲವೆಂದು ಕಥೆ ಕಟ್ಟುತ್ತಿದ್ದಾನೆ ಎಂದರು. ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಮಾವುತನ ಕಿವಿ ಕೆಂಪಾಯಿತು. ಆಗ ಬಾಗಿಲ ಹತ್ತಿರ ಒಬ್ಬಳು ಹೆಂಗಸು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವನ ಹೆಂಡತಿ. ಅವಳು ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ.

"ಇವ್ರು ಈಗ ಕಥೆ ಕಟ್ಟಿದ್ದಲ್ಲ," ಎಂದಳು. "ಹಳ್ಳ ಮುಚ್ಚಿದ ದಿನ ಮನೆಗೆ ಬಂದು ಜಂಬ ಕೊಚ್ಚಿಕೊಂಡಿದ್ರು. ಹರಿಯೋ ನೀರನ್ನೇ ಪೈಪಿಗೆ ತುಂಬಿದೆ, ಬೇರೆ ಯಾರ ಕೈಲೂ ಆಗ್ತಿರ್ಲಿಲ್ಲ ಅಂತ. ನಾನೂ ಮೆಚ್ಚಿಕೊಂಡೆ. ಸೈಟಿನ ಆಸೆ ಇದ್ದದ್ದು ನನಗೆ. ಈಗ್ಲೂ ಇದೆ. ಅದಕ್ಕಾಗಿ ಇವ್ರನ್ನ ಸುಳ್ಳುಗಾರ ಅಂದ್ರೆ ಕೇಳ್ಕೊಂಡು ಇರೋಳಲ್ಲ ನಾನು."

ಜನ ನಕ್ಕರು, ಈ ಸಲ ನಗು ಅವಳ ಪರವಾಗಿತ್ತು. ವಿಚಾರಣೆ ನಡೆಸುತ್ತಿದ್ದ ಅಧ್ಯಕ್ಷರೂ ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಮಾಲೀಕರು ಮಾತ್ರ ನೆಲ ನೋಡುತ್ತ ಕೂತಿದ್ದರು. ನಿಂತಲ್ಲಿಂದಲೇ ಮಾವುತ ಅವರ ಕಡೆ ಒಮ್ಮೆ ನೋಡಿದ. ಗೆದ್ದವನ ನೋಟ ಅದಾಗಿರಲಿಲ್ಲ.

ಅಧಿಕಾರಿಗಳು ಗುಡ್ಡಕ್ಕೆ ಹೋದರು, ಮಾವುತ ಜಾಗ ತೋರಿಸಿದ, ಅಗೆದಲ್ಲಿ ಪೈಪು ಸಿಕ್ಕಿತು. ಆದರೂ ಎಲ್ಲವೂ ಮೊದಲಿನ ಹಾಗೆ ಆಗಲಿಲ್ಲ. ಮೇಲಿನ ಅರ್ಧ ಲೇಔಟು ಆಗಲೇ ಮಾರಾಟವಾಗಿತ್ತು, ಕೊಂಡವರಲ್ಲಿ ಇದ್ದದ್ದನ್ನೆಲ್ಲ ಹಾಕಿದ ಬಡಪಾಯಿಗಳೂ ಇದ್ದರು, ಅದು ಉಳಿಯಿತು. ಕೆಳಗಿನ ಅರ್ಧ ನಿಂತಿತು. ಹಳ್ಳವನ್ನು ಪೈಪಿನಿಂದ ಬಿಡಿಸಬೇಕು, ಉರುಳಿದ ಮರದ ಜಾಗಕ್ಕೆ ಸಸಿ ನೆಡಬೇಕು, ಮೇಲಿನ ರಸ್ತೆ ಮನೆಗಳ ನೀರು ಕೆರೆಗೆ ಬರುವ ಮೊದಲು ಹೊಂಡಗಳಲ್ಲಿ ನಿಂತು ಮಣ್ಣು ಬಿಟ್ಟು ಬರಬೇಕು ಎಂದಾಯಿತು. ಹೊಂಡ ತೋಡಲು ನೀರಿನ ಇಲಾಖೆ ಗುತ್ತಿಗೆ ಕೊಟ್ಟಿತು, ಆ ಗುತ್ತಿಗೆದಾರ ಮಾವುತನನ್ನು ದಿನಗೂಲಿಗೆ ಕರೆದ. ಮೊದಲಿನ ಕೂಲಿಯ ಮುಂದೆ ಇದು ಯಾವ ಮೂಲೆಗೂ ಸಾಲದು. ಬಾಡಿಗೆ ಮನೆ ಬಾಡಿಗೆಯದೇ ಆಗಿ ಉಳಿಯಿತು. ಅಂಚಿನ ಸಸಿಗಳಲ್ಲಿ ಅರ್ಧಕ್ಕರ್ಧ ಮೊದಲ ಬೇಸಿಗೆಯಲ್ಲೇ ಸತ್ತವು, ಮತ್ತೆ ನೆಟ್ಟರು.

ಮರಳಕ್ಕನ ಸೊಂಟ ಮೊದಲಿನಂತಾಗಲಿಲ್ಲ. ಮೇಡಂ ಅವಳನ್ನು ಸಲಿಕೆಯಿಂದ ಬಿಡಿಸಿ, ಕೆರೆಯ ನೀರು ಒಳಬರುವ ತೂಬಿನ ಹತ್ತಿರ ನೀರು ನೋಡಿಕೊಳ್ಳಲು ಹಾಕಿದರು. ಕೂತು ಮಾಡುವ ಕೆಲಸ ಮೊದಲು ಅವಳಿಗೆ ಶಿಕ್ಷೆಯಂತೆ ಕಂಡಿತು, ಆಮೇಲೆ ರೂಢಿಯಾಯಿತು. ಮರು ಮಳೆಗಾಲದಲ್ಲಿ ನೀರು ಮಬ್ಬಾಯಿತು, ಆದರೆ ತೊಟ್ಟಿಗಳು ಕಟ್ಟಿಕೊಳ್ಳಲಿಲ್ಲ. ಒಂದು ದೊಡ್ಡ ಮಳೆಗೆ ಹೊಂಡವೊಂದು ಒಡೆದು ವಾರವಿಡೀ ಗೋಳಾಡಿದ್ದೂ ಉಂಟು. ಅಂಥ ದಿನ ಕೆರೆಯುವ ಹೆಂಗಸರು ತೂಬಿನ ಕಡೆ ನೋಡಿ, ಮರಳಕ್ಕ, ನಿನ್ನ ತಮ್ಮನಿಗೆ ಹೇಳು ಎಂದು ರೇಗಿಸುತ್ತಿದ್ದರು.

ಒಂದು ಸಂಜೆ ಅವಳು ಮನೆಗೆ ಬಂದಾಗ ತಮ್ಮನ ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಳು. ಕೇಳಿದ್ದಕ್ಕೆ ಅಂದಿನ ಸಂಗತಿ ಹೇಳಿದಳು. ಹಳೆಯ ಮಾಲೀಕರು ಮಾವುತನಿಗೆ ರಸ್ತೆಯಲ್ಲಿ ಸಿಕ್ಕಿ, ತಾವಾಗಿಯೇ ಮಾತಾಡಿಸಿ, ಊರಿನ ಇನ್ನೊಂದು ಕಡೆ ಕೆಲಸವಿದೆ, ಬರುತ್ತೀಯಾ ಎಂದು ಕರೆದರಂತೆ. ಇವನು ಹೂಂ ಎನ್ನುವುದು ಬಿಟ್ಟು, ಅಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದನಂತೆ. ಅವರು ಹಣೆ ಚಚ್ಚಿಕೊಂಡು, ಗಾಡಿ ಹತ್ತು, ನೀನೇ ಬಂದು ನೋಡಿ ಸಾಯಿ ಎಂದು ಕರೆದುಕೊಂಡು ಹೋದರಂತೆ. ಇನ್ನೂ ಬಂದಿಲ್ಲ.

"ಕೆಲಸಕ್ಕೆ ಕರೆಯೋರನ್ನೆಲ್ಲ ಇವ್ರು ಹಾಗೇ ಕೇಳ್ತಾರೆ ಅತ್ತಿಗೆ. ಎಲ್ರೂ ಆ ಮಾಲೀಕರಷ್ಟು ತಾಳ್ಮೆಯವ್ರು ಇರ್ತಾರಾ? ಬೇರೆ ಡ್ರೈವರ್ ಹುಡುಕ್ಕೊಳ್ತಾರೆ."

ಮರಳಕ್ಕ ಕೈಕಾಲು ತೊಳೆದು ಬಂದಳು. ಊಟಕ್ಕೆ ಏನಾದರೂ ಮಾಡೋಣವೇ, ಅವನು ಬರಲಿ ಎಂದು ಕಾಯೋಣವೇ ಎಂದು ಕೇಳಿದಳು. ಕಾಯೋಣ ಎಂದಳು ತಮ್ಮನ ಹೆಂಡತಿ, ಇನ್ನೂ ಸಿಟ್ಟಿನಲ್ಲೇ, ಮತ್ತು ಅತ್ತಿಗೆ ಕೂರಲೆಂದು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.